ಅಡುಗೆಮನೆಯ ನೆಲದ ಮೇಲೆ

"ಇನ್ಮೇಲೆ ನಿನಗೆ ಯಾವತ್ತೂ ಸುಳ್ಳು ಹೇಳಲ್ಲ" ಎಂದು ತಾಯಿ ಮಾತು ಕೊಟ್ಟಾಗ ಮಗಳಿಗೆ ಐದು ವರ್ಷ. ನೋಯೋದೇ ಇಲ್ಲ ಎಂದು ಪುಸಲಾಯಿಸಿ ಚುಚ್ಚುಮದ್ದು ಹಾಕಿಸಿದ್ದಳು. ಮಗು ಎರಡು ದಿನ ಅಮ್ಮನ ಹತ್ತಿರ ಮಾತು ಬಿಟ್ಟಿತ್ತು.

ಈಗ ಮಗಳಿಗೆ ಹನ್ನೆರಡು. ಸೋಮವಾರ ಸಂಜೆ ತಾಯಿ ತನ್ನ ಔಷಧಿ ಅಂಗಡಿಯಿಂದ ಬಂದಾಗ ಮನೆ ಖಾಲಿ. ಶಾಲೆಯ ಚೀಲ ಬಾಗಿಲ ಬಳಿ. ಫೋನ್ ಹಾಸಿಗೆಯ ಮೇಲೆ. ಅದರಲ್ಲಿ ಗೊತ್ತಿಲ್ಲದ ನಂಬರಿನಿಂದ ಬಂದ ಧ್ವನಿ ಸಂದೇಶ. ಏರಿಳಿತವಿಲ್ಲದ ಯಂತ್ರದ ದನಿ.

"ನಿನ್ನಮ್ಮ ಬರೆದದ್ದು ಕೇಳು. 'ಮಗು ಮಲಗಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತೇನೆ. ಇವಳು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.'"

*

ಹುಡುಗಿ ಬೇಗ ಸಿಕ್ಕಳು. ಎರಡು ಬೀದಿ ಆಚೆ, ಚಿಕ್ಕಮ್ಮನ ಮನೆಯಲ್ಲಿ. ಆದರೆ ಕೋಣೆಯ ಬಾಗಿಲು ತೆಗೆಯಲಿಲ್ಲ.

ಇನ್‌ಸ್ಪೆಕ್ಟರ್ ತಾಯಿಯ ದೂರಿನ ಮೇಲೆ ಬಂದಾಗ ಹಾಲಿನಲ್ಲಿ ಅಕ್ಕ-ತಂಗಿ ಎದುರುಬದುರು ನಿಂತಿದ್ದರು.

"ಮಗು ಕ್ಷೇಮವಾಗಿದೆಯಲ್ಲ ಮೇಡಂ," ಎಂದಳು ಚಿಕ್ಕಮ್ಮ. "ನಾಲ್ಕು ದಿನ ನನ್ನ ಹತ್ತಿರ ಇದ್ರೆ ಏನು ಗಂಟು ಹೋಗುತ್ತೆ?"

"ನೋಡಿದ್ರಾ?" ತಾಯಿ ಉರಿದುಬಿದ್ದಳು. "ಮೊದಲಿಂದ ಇವಳಿಗೆ ನನ್ನ ಮಗಳ ಮೇಲೆ ಕಣ್ಣು. ನಾನು ಅಂಗಡೀಲಿ ನಿಂತು ಕಾಲು ಊದಿಸಿಕೊಳ್ತೀನಿ. ಇವಳು ಜಡೆ ಹಾಕಿ, ಕಥೆ ಹೇಳಿ ಬುಟ್ಟಿಗೆ ಹಾಕ್ಕೊಂಡ್ಲು. ಈ ಸಂದೇಶ ಕಳಿಸಿದ್ದೂ ಇವಳೇ ಇರಬೇಕು!"

"ಅಕ್ಕಾ, ನಾಲಿಗೆ ಬಿಗಿಹಿಡಿ."

ಇನ್‌ಸ್ಪೆಕ್ಟರ್ ತಾಯಿಯನ್ನು ಹೊರಗೆ ಮೆಟ್ಟಿಲ ಬಳಿ ಕರೆದೊಯ್ದರು. "ಇದು ನೀವು ಬರೆದದ್ದಾ?"

ತಾಯಿ ಸೆರಗಿನ ತುದಿ ಹಿಂಡಿದಳು. "ಸೋಂಕಿನ ಕಾಲದಲ್ಲಿ ಮೇಡಂ. ಎಲ್ಲರೂ ಮನೇಲಿ ಕೂತಿದ್ರು, ನನ್ನ ಅಂಗಡಿ ಮಾತ್ರ ತೆಗೆದಿತ್ತು. ಮಗೂನ ಒಳಗೆ ಬಿಟ್ಟು ಬೀಗ ಹಾಕಿ ಹೋಗ್ತಿದ್ದೆ. ಜನ ಕಷ್ಟ ಸುಖ ಹೇಳಿಕೊಳ್ಳೋ ಆನ್‌ಲೈನ್ ಗುಂಪು ಒಂದಿತ್ತು. ಬೇರೆ ಹೆಸರಲ್ಲಿ ಬರೆದೆ. ಆದರೆ ಹೀಗಲ್ಲ."

"ಮತ್ತೆ?"

"ಅಡುಗೆಮನೆ ಅಂತ ಬರೆದೇ ಇಲ್ಲ. ಬಾತ್‌ರೂಮಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತಿದ್ದೆ. ಮಗೂಗೆ ಕೇಳಬಾರದು ಅಂತ." ತಟ್ಟನೆ ದನಿ ತಗ್ಗಿಸಿದಳು. "ನೀವೇ ಹೇಳಿಬಿಡಿ ಮೇಡಂ. ಇದೆಲ್ಲ ಸುಳ್ಳು, ಯಾರೋ ಕಟ್ಟಿದ್ದು ಅಂತ. ಪೊಲೀಸರು ಹೇಳಿದ್ರೆ ನಂಬ್ತಾಳೆ. ಇಲ್ಲದಿದ್ರೆ ಅವಳು ವಾಪಸ್ ಬರಲ್ಲ."

"ಆ ಗುಂಪಲ್ಲಿ ಬರೆದವರು ನೀವೇ ಅಂತ ಯಾರಿಗೆ ಗೊತ್ತು?"

"ಒಬ್ಬ ಪ್ರೊಫೆಸರ್‌ಗೆ. ಜನರ ಮನಸ್ಸಿನ ಮೇಲೆ ಏನಾಯ್ತು ಅಂತ ಆ ಮಾತುಗಳನ್ನೇ ಇಟ್ಟುಕೊಂಡು ಅಧ್ಯಯನ ಮಾಡ್ತಿದ್ದಾರೆ. ಒಪ್ಪಿಗೆ ಕೇಳಿದ್ರು, ಕೊಟ್ಟೆ. ನನ್ನ ನಂಬರ್ ಕೊಟ್ಟೆ. ಅದು ಸಿಗದಿದ್ರೆ ಇರಲಿ ಅಂತ ಮಗಳದ್ದೂ ಕೊಟ್ಟೆ."

*

ತಾಯಿಯನ್ನು ಬಿಟ್ಟುಹೋದ ಗಂಡ ಟೈರ್ ಅಂಗಡಿಯಲ್ಲಿದ್ದ. ಕೈಯೆಲ್ಲ ಕಪ್ಪು.

"ಆ ಬರಹ ನನ್ನ ಕೈಗೆ ಸಿಕ್ಕಿದ್ರೆ ಮಗೂಗೆ ಯಾಕೆ ಕಳಿಸಲಿ? ನೇರ ಕೋರ್ಟಿಗೆ ಕೊಟ್ಟು ಮಗಳನ್ನ ಕರ್ಕೊಂಡು ಬರ್ತಿದ್ದೆ."

ಮಾತು ಕಹಿ. ಆದರೆ ತೂಕವಿತ್ತು.

ಜೀಪು ಹತ್ತುವಾಗ ಇನ್‌ಸ್ಪೆಕ್ಟರ್‌ಗೆ ಮಗನ ಫೋನ್. "ಅಮ್ಮಾ, ನೀನು ಲೇಟಾದ್ರೂ ಪರವಾಗಿಲ್ಲ. ಅಜ್ಜಿ ಇದ್ದಾರೆ." ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು. ಅದನ್ನು ನುಂಗಿಕೊಂಡು ಯೋಚಿಸಿದರು. ಗಂಡನಾಗಲಿ ತಂಗಿಯಾಗಲಿ ಗುಂಪಿನಿಂದ ಕದ್ದಿದ್ದರೆ ಬಾತ್‌ರೂಮ್ ಎಂದೇ ಇರುತ್ತಿತ್ತು. ಅಡುಗೆಮನೆ ಎಲ್ಲಿಂದ ಬಂತು?

*

ಪ್ರೊಫೆಸರ್ ಕೋಣೆಯಲ್ಲಿ ಮೂರು ಮೇಜು. ಒಂದು ಅವರದು, ಒಂದು ಹಿರಿಯ ಸಹಾಯಕಿಯದು, ಇನ್ನೊಂದು ಕಳೆದ ತಿಂಗಳಷ್ಟೇ ಸೇರಿದ ಗಡ್ಡದವನದು. ಸಹಾಯಕರಿಬ್ಬರನ್ನೂ ಇನ್‌ಸ್ಪೆಕ್ಟರ್ ಹೊರಗೆ ಕೂರಿಸಿದರು.

"ನಂಬರುಗಳಿರುವ ಕಪಾಟಿನ ಕೀಲಿ?"

"ಇಬ್ಬರ ಹತ್ತಿರವೂ ಇದೆ," ಎಂದರು ಪ್ರೊಫೆಸರ್.

"ಜನ ಬರೆದದ್ದನ್ನ ಇದ್ದ ಹಾಗೇ ಅಚ್ಚು ಹಾಕ್ತೀರಾ?"

"ಅಯ್ಯೋ, ಇಲ್ಲಮ್ಮ. ಹಾಗೆ ಹಾಕಿದ್ರೆ ಯಾರು ಬೇಕಾದ್ರೂ ಹುಡುಕಿ ಹಿಡೀತಾರೆ. ಭಾವನೆ ಉಳಿಸಿಕೊಂಡು ವಿವರ ಬದಲಿಸ್ತೀವಿ."

"ಈ ತಾಯಿಯ ಬಾತ್‌ರೂಮ್ ಏನಾಯ್ತು?"

"ಪುಸ್ತಕದಲ್ಲಿ ಮಹಡಿ ಮೆಟ್ಟಿಲು. ಸಹಾಯಕಿ ಮೊದಲು ಅಡುಗೆಮನೆಯ ನೆಲ ಅಂತ ಮಾಡಿದ್ದರು. ಬೇಡ ಅಂದೆ."

"ಯಾಕೆ?"

"ಅದು ಇನ್ನೊಬ್ಬರ ಪೋಸ್ಟಿನಲ್ಲಿ ನಿಜವಾಗಿಯೇ ಇತ್ತು. ಒಬ್ಬರನ್ನ ಮರೆಮಾಡೋಕೆ ಇನ್ನೊಬ್ಬರನ್ನ ಬಯಲಿಗೆ ತರಬಾರದಲ್ಲ. ಅವರು ಯಾರು ಅಂತ ನಮಗೂ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ಅದನ್ನು ತೆರೆಸಿ ಓದಿದರು. 'ಅಮ್ಮ ಆಸ್ಪತ್ರೆಯಲ್ಲಿ ಒಬ್ಬಳೇ ತೀರಿಹೋದಳು. ಫೋನ್ ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಇನ್ನೂ ಅಲ್ಲೇ ಇದ್ದೇನೆ. ಯಾರಾದರೂ ಇದ್ದೀರಾ?'

ಕೆಳಗೆ ಖಾಲಿ. ಒಂದು ಉತ್ತರವೂ ಇಲ್ಲ.

"ಮತ್ತೆ ಆ ತಾಯಿಗೆ?"

"ಅದೇ ಸಂಜೆ ಬರೆದದ್ದು. ನೂರಾರು ಜನ ಸಮಾಧಾನ ಹೇಳಿದ್ದಾರೆ. ಅದಕ್ಕೇ ಒಂದು ಇಡೀ ಅಧ್ಯಾಯ ಅವರದು."

*

ಸಹಾಯಕಿ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು.

"ಗಡ್ಡದವನನ್ನ ಕೇಳಿ. ಹೋದ ವಾರ ಕಪಾಟು ತಡಕಾಡ್ತಿದ್ದ."

"ಅವನು ಓದಿರೋದು ಮಹಡಿ ಮೆಟ್ಟಿಲು ಅಂತ. ಸಂದೇಶ ಕಳಿಸಿದವರು ಅಡುಗೆಮನೆ ಅಂದಿದ್ದಾರೆ."

"ಅವಳು ಬರೆದದ್ದೇ ಅಡುಗೆಮನೆ ಅಂತ!" ಸಹಾಯಕಿ ಸಿಡುಕಿದಳು. "ನಾನೇ ಓದಿದ್ದೀನಿ."

"ಇಲ್ಲ. ಅವರು ಬರೆದದ್ದು ಬಾತ್‌ರೂಮ್. ನೀವು ತಿದ್ದಿ ತಿದ್ದಿ, ತಿದ್ದಿದ್ದೇ ನಿಜ ಅಂದುಕೊಂಡಿದ್ದೀರಿ. ಅಡುಗೆಮನೆ ನಿಮ್ಮದು. ಅಲ್ಲಿ ಕೂತಿದ್ದವರು ನೀವು."

ಪ್ರೊಫೆಸರ್ ಕನ್ನಡಕ ತೆಗೆದರು.

"ನನಗೆ ಅಮ್ಮನ ಮುಖ ನೋಡೋಕೂ ಬಿಡಲಿಲ್ಲ," ಎಂದಳು ಸಹಾಯಕಿ. "ಆ ತಾಯಿಯ ಮಗು ಪಕ್ಕದ ಕೋಣೇಲಿ ಉಸಿರಾಡ್ತಾ ಮಲಗಿತ್ತು. ಅದೇ ಬೇಡ ಅಂದಳು. ಅಂಥವಳಿಗೆ ನೂರಾರು ಜನ! 'ಬಂದು ತಬ್ಬಿಕೊಳ್ಳೋಣ ಅನಿಸ್ತಿದೆ' ಅಂತೆ. ಒಂದೊಂದನ್ನೂ ಓದಿ 'ಸಾಂತ್ವನ' ಅಂತ ಗುರುತು ಹಾಕಿದವಳು ನಾನು. ನನ್ನದಕ್ಕೆ ಬಂದು ನಿಂತರೆ ಗುರುತು ಹಾಕೋಕೆ ಏನೂ ಇರಲಿಲ್ಲ. ಕೊನೆಗೆ ಅಧ್ಯಾಯವೂ ಅವಳಿಗೇ."

"ಮಗು ಏನು ಮಾಡಿತ್ತು?"

"ಆ ತಾಯೀನೂ ಒಂದು ಸಲ ಕೂಗಿ ನೋಡಲಿ ಅನಿಸ್ತು. ಮನೇಲಿ ಓ ಅನ್ನೋರು ಇಲ್ಲದ ಹಾಗೆ."

ಆ ನಂಬರಿನ ಸಿಮ್ ಅವಳ ಕೈಚೀಲದಲ್ಲೇ ಸಿಕ್ಕಿತು.

*

ತಂಗಿಯ ಮನೆಯ ಹಾಲಿನಲ್ಲಿ ಎಲ್ಲ ಕೇಳಿಸಿಕೊಂಡ ಮೇಲೆ ತಾಯಿ ಕೇಳಿದಳು. "ಹಾಗಾದ್ರೆ ಆ ಮಾತು ನನ್ನದಲ್ಲ ಅಂತ ಹೇಳಬಹುದಲ್ಲ? ಅಡುಗೆಮನೆ ನನ್ನದಲ್ಲ. ಅದು ಸುಳ್ಳಾಗಲ್ಲ ಅಲ್ವಾ?"

ಇನ್‌ಸ್ಪೆಕ್ಟರ್ ಹೋಗಿ ಕದ ತಟ್ಟಿದರು.

ಕೋಣೆಯ ಬಾಗಿಲು ಗೇಣಷ್ಟು ತೆರೆಯಿತು. ಮಗಳು. ಅವಳ ಹಿಂದೆ ಚಿಕ್ಕಮ್ಮ, ಹುಡುಗಿಯ ಹೆಗಲ ಮೇಲೆ ಕೈಯಿಟ್ಟು.

"ಅದು ನೀನು ಬರೆದದ್ದಾ ಅಮ್ಮಾ?"

ತಾಯಿ ಆ ಕೈಯನ್ನೇ ನೋಡಿದಳು. 'ಅಲ್ಲ ಚಿನ್ನು' ಎಂದರೆ ಸಾಕು, ಆ ಕೈ ಜಾರುತ್ತಿತ್ತು. ಮಗಳು ಓಡಿ ಬರುತ್ತಿದ್ದಳು.

"ನಾನೇ ಬರೆದದ್ದು," ಎಂದಳು. "ಬಾತ್‌ರೂಮಲ್ಲಿ ಕೂತು. ಆವತ್ತು ಹಾಗೇ ಅನಿಸಿತ್ತು. ಆಮೇಲೆ ಯಾವತ್ತೂ ಅನಿಸಲಿಲ್ಲ."

ಮಗಳು ಬಾಗಿಲು ಹಾಕಿಕೊಂಡಳು.

ತಾಯಿ ಮಾತು ಉಳಿಸಿಕೊಂಡಿದ್ದಳು.