ಲಕ್ಕಲಕಟ್ಟಿಗೆ ಜ್ವರ ಹಂಚಿದ್ದು ಯಾರು?

ಹನಮಪ್ಪನ ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಗಂಡ, ಹೆಂಡತಿ ಇಬ್ಬರೂ ಇದ್ದರು.

ರೋಣದಿಂದ ಬಂದ ಪಿಎಸ್‌ಐ ಉಮಾಶ್ರೀ ಕಲ್ಲೆತ್ತಿ ತಾನೇ ಬೀಗ ಒಡೆದಳು. ಸುತ್ತ ನಿಂತ ಮಂದಿ ಮಿಸುಕಲಿಲ್ಲ.

"ಯಾರು ಹಾಕಿದ್ರಿ?"

ಊರಿನ ದೊಡ್ಡ ಹೊಲದ ಒಡೆಯ ಹೂವಪ್ಪಗೌಡರು ಮುಂದೆ ಬಂದರು. "ಊರೇ ಹಾಕೇತ್ರಿ, ಮೇಡಂ. ಮಂಗಳೂರಾಗ ದುಡ್ಯಾಕ ಹೋಗಿದ್ದ ಇಂವಾ ಮಲೇರಿಯಾ ತಂದಾನ. ನಮ್ಮ ಬಾಳವ್ವ ಸತ್ಲು. ಮೂರು ಮಂದಿ ಗದಗ ದವಾಖಾನ್ಯಾಗ ಅದಾರ. ಇವ್ರನ್ನ ಊರು ಬಿಡಸ್ರಿ."

ಗೌಡರ ಕೈಯಲ್ಲಿ ಅರ್ಜಿ ಇತ್ತು. ಬರೆದುಕೊಟ್ಟವನು ಸಂಗನಬಸವ. ಡಾಕ್ಟರಕಿ ಓದಿದವನಲ್ಲ, ಆದರೂ ಊರಿಗೆಲ್ಲ ಔಷಧಿ ಅವನದೇ.

ಹನಮಪ್ಪನ ಹೆಂಡತಿ ಅಡಿವೆವ್ವ ಹೊರಗೆ ಬಂದು ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತಳು. "ಜ್ವರ ಬಂದಿದ್ದು ಖರೇ. ಊರು ಮಾತ್ರ ಬಿಡೂದಿಲ್ರಿ."

* * *

ವಾರದ ಮೇಲೆ ಶ್ವೇತಾ ಠಾಣೆಗೆ ಬಂದಳು. ನರಗುಂದದ ಹುಡುಗಿ. ಮಲೇರಿಯಾ ರೋಗಾಣುಗಳ ವಂಶ ಪತ್ತೆಮಾಡುವ ವಿಜ್ಞಾನಿ. ಸಾಯುವ ಮೊದಲು ತೆಗೆದಿದ್ದ ಬಾಳವ್ವನದೂ ಸೇರಿ ಐವರ ರಕ್ತ ಪರೀಕ್ಷೆ ಮಾಡಿದ್ದಳು.

"ಒಂದೊಂದು ಸೀಮಿ ರೋಗಾಣುವಿಗೂ ಒಂದೊಂದು ವಂಶದ ಗುರುತು ಇರ್ತೈತ್ರಿ. ಈ ಐದೂ ಮಂಗಳೂರು ಕಡೀವು."

ಉಮಾಶ್ರೀಯ ಮುಖ ಬಾಡಿತು. "ಅಂದ್ರ ಹನಮಪ್ಪನಿಂದನ ಬಂದೈತಿ."

"ಹೌದ್ರಿ. ಹ್ಯಾಂಗ ಬಂತು ಅನ್ನೂದ ಬ್ಯಾರೆ. ಅವನ ರಕ್ತದಾಗ ಮೂರು ವಂಶ ಅದಾವ. ಸೊಳ್ಳಿ ಹೊಟ್ಟ್ಯಾಗ ಹೋಗಿದ್ರ ಅವು ಒಂದಕ್ಕೊಂದು ಕೂಡಿ ಮಿಶ್ರ ಸಂತಾನ ಹುಟ್ಟತಿತ್ತು. ಒಬ್ಬೊಬ್ಬರಿಗೆ ಒಂದೊಂದು ನಮೂನಿ ಬರಬೇಕಿತ್ತು. ಆದ್ರ ಉಳಿದ ನಾಲ್ವರೊಳಗೂ ಅವೇ ಮೂರು. ಎಲ್ಲೂ ಬೆರೆತಿಲ್ಲ."

"ಅಂದ್ರ?"

"ನಡುವ ಸೊಳ್ಳಿನ ಇಲ್ರಿ. ರಕ್ತದಿಂದ ಸೀದಾ ರಕ್ತಕ್ಕ ಹೋಗೇತಿ."

ಉಮಾಶ್ರೀ ಜೀಪಿನ ಕೀಲಿ ಎತ್ತಿಕೊಂಡಳು.

* * *

ಗದಗಿನ ದವಾಖಾನೆಯಲ್ಲಿ ಮೂವರಿಗೂ ಅವಳು ಕೇಳಿದ್ದು ಒಂದೇ ಪ್ರಶ್ನೆ: ಜ್ವರಕ್ಕೆ ಮೊದಲು ಸೂಜಿ ಮಾಡಿಸಿಕೊಂಡಿದ್ರೇನು? ಮೂವರೂ ಒಂದೇ ಹೆಸರು, ಒಂದೇ ಸಂಜೆ ಹೇಳಿದರು. ಕಡಲೆ ಕಿತ್ತು ಸೊಂಟ ಹಿಡಿದಿತ್ತಂತೆ. ಬಾಳವ್ವನೂ ಜೊತೆಗಿದ್ದಳಂತೆ. ಆಮೇಲೆ ಹನಮಪ್ಪನನ್ನು ಕೇಳಿದಾಗ ಅವನೂ ಹೇಳಿದ್ದು ಅದೇ ಸಂಜೆ.

* * *

ಮರುದಿನ ಲಕ್ಕಲಕಟ್ಟಿಯ ಕಟ್ಟೆಯ ಮುಂದೆ ಊರು ಕೂಡಿತು. ಉಮಾಶ್ರೀ ಸಂಗನಬಸವನ ಚೀಲ ಸುರುವಿದಳು. ಬಿದ್ದದ್ದು ಒಂದೇ ಸಿರಿಂಜು. ಸೂಜಿಯ ತುದಿ ಮೊಂಡಾಗಿತ್ತು.

"ಮಂಗಳೂರಿನಿಂದ ಬಂದ ಸಂಜಿ ಹನಮಪ್ಪ ಚಳಿಜ್ವರ ಅಂತ ನಿನ್ನ ಹತ್ರ ಬಂದ. ಮೊದಲ ಸೂಜಿ ಅವಗ. ಅದೇ ಸೂಜಿ ಬಾಳವ್ವಗ, ಉಳಿದ ಮೂವರಿಗೆ. ಬಾಳವ್ವ ಹಾಸಗಿ ಹಿಡಿದ ಮ್ಯಾಲ ನಿನಗ ತಿಳೀತು. ಅದಕ್ಕ ಅರ್ಜಿ ಬರದಿ."

"ಬಿಸಿನೀರಾಗ ತೊಳೀತಿದ್ನಿರಿ," ಅಂದ ಸಂಗನಬಸವ.

ಪೇದೆ ಅವನನ್ನು ಜೀಪು ಹತ್ತಿಸಿದ. ಹೂವಪ್ಪಗೌಡರು ಕೆಮ್ಮಿದರು. "ಅಡಿವೆವ್ವಾ, ಊರು ತಪ್ಪು ತಿಳೀತು. ಆದದ್ದಾತು, ಬಿಟ್ಟಬಿಡು."

"ಬಿಡೂದಿಲ್ರಿ, ಗೌಡ್ರ," ಅಂದಳು ಅಡಿವೆವ್ವ. ಉಮಾಶ್ರೀಯತ್ತ ತಿರುಗಿದಳು. "ನಮ್ಮನ್ನ ಕೂಡಿಹಾಕಿದವ್ರ ಮ್ಯಾಲೂ ಕೇಸ ಹಾಕಬೇಕ್ರಿ."

ಉಮಾಶ್ರೀ ಪೆನ್ನು ತೆಗೆದಳು. "ಹೆಸರು ಹೇಳವಾ."

ಅಡಿವೆವ್ವ ಗೌಡರಿಂದಲೇ ಶುರು ಮಾಡಿದಳು.