ಒಂದು ವಾರವಾದರೂ ಬಿಸಿಲು ಅನ್ನು

"ರೀ ಛತ್ರಿ! ನಿಮ್ಮ ಬಾಯಿಗೆ ಬಿಸಿಲು ಅನ್ನೋ ಮಾತು ಬರೋದೇ ಇಲ್ವಾ?"

ರೇಡಿಯೊ ಕೇಂದ್ರದ ಪುಟ್ಟ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಹೆಗಲ ಮೇಲೆ ಒದ್ದೆ ಬೆಡ್‌ಶೀಟು, ಕಣ್ಣಲ್ಲಿ ಬೆಂಕಿ... ಬೀದಿ ಮೂಲೆಯ ಲಾಂಡ್ರಿಯವಳು! ಬೆಳಗಿನ ಪ್ರಸಾರ ಕೇಳಿ, ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು.

ಊರಿನ ವಾರದ ಹವಾಮಾನ ಬರೆದು ಓದುವುದು ಮೈಕಿನ ಮುಂದೆ ಕೂತಿದ್ದವನ ಕೆಲಸ. ಯಾವ ವಾರ ಕೇಳಿದರೂ ಮಳೆ ಬರಬಹುದು ಎನ್ನುತ್ತಿದ್ದುದರಿಂದ ಊರು ಅವನಿಗೆ ಛತ್ರಿ ಎಂದು ಹೆಸರಿಟ್ಟಿತ್ತು. ಇನ್ನೊಂದು ಅರ್ಥದ ಛತ್ರಿ ಅವನಲ್ಲ, ಪಾಪ.

"ಕೂತ್ಕೋ," ಎಂದ.

"ಕೂರೋಕೆ ಬಂದಿಲ್ಲ! ನೀವು ಮಳೆ ಮಳೆ ಅಂತ ಹೆದರಿಸ್ತೀರ, ಜನ ರಜಾಯಿ, ಪರದೆ ಒಗೆಯೋಕೆ ಕೊಡಲ್ಲ. ಹೊರಗೆ ನೋಡಿ, ಒಂದು ತುಂಡು ಮೋಡ ಇಲ್ಲ. ಬೇಕೂಂತಲೇ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರ, ಅಲ್ವಾ?"

ನೀವು ಎನ್ನುವಾಗ ಅವಳ ನಾಲಿಗೆಯೇ ತಡವರಿಸಿತು. ಮೂರು ವರ್ಷದ ಹಿಂದೆ, ಇಬ್ಬರ ಮದುವೆ ನಿಶ್ಚಯವಾಗಿದ್ದಾಗ, ಅವನು ಬರೀ 'ನೀನು' ಆಗಿದ್ದ.

ಆಮೇಲೆ ಆ ವಾರ ಬಂತು. ವಾರವಿಡೀ ಬಿಸಿಲು ಎಂದು ಅವನೇ ಓದಿದ್ದ. ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಅವಳ ಅಣ್ಣ, ದಿಢೀರನೆ ಸುರಿದ ಮಳೆಯಲ್ಲಿ ಏಣಿಯಿಂದ ಜಾರಿದ. ಮತ್ತೆ ಏಳಲಿಲ್ಲ.

"ನೀನೇ ಹೇಳಿದ್ದೆ," ಅವನ ದನಿ ಇಳಿಯಿತು. "ಅಣ್ಣನ ಹೆಣದ ಮುಂದೆ ನಿಂತು ಹೇಳಿದ್ದೆ... ಇನ್ನು ನಿನ್ನ ಬಾಯಲ್ಲಿ ಬಿಸಿಲು ಅನ್ನೋ ಮಾತು ಬರಬಾರದು ಅಂತ."

ಅವಳು ಹೆಗಲ ಮೇಲಿನ ಬೆಡ್‌ಶೀಟು ಕೆಳಗಿಳಿಸಿದಳು.

ಹಾಗಾದರೆ ಇದು ಸೇಡಲ್ಲ! ಇಷ್ಟು ದಿನ ಊರಿನವರ ಕೈಲಿ ಉಗಿಸಿಕೊಂಡಿದ್ದು ನನ್ನ ಒಂದು ಮಾತಿಗಾ... ಎಂಥ ಪೆದ್ದ!

ಅವಳು ಗೋಡೆಗೆ ಒರಗಿದಳು. ಯಾರಿಗೂ ಹೇಳದೆ ನುಂಗಿಕೊಂಡಿದ್ದ ಮಾತು ಹೊರಬಿತ್ತು.

"ಅವತ್ತು ಅಣ್ಣ ಮೋಡ ನೋಡಿದ್ದ. ಇವತ್ತು ಕೆಲಸ ಬೇಡ ಕಣೇ ಅಂದ. ರೇಡಿಯೊದಲ್ಲಿ ಅವನೇ ಬಿಸಿಲು ಅಂದಿದ್ದಾನೆ, ಸೋಮಾರಿತನ ಮಾಡ್ಬೇಡ, ಹೋಗು ಅಂತ ಕಳಿಸಿದ್ದು ನಾನು! ಅದನ್ನ ಹೊರೋಕಾಗದೆ ಎಲ್ಲಾ ನಿನ್ನ ತಲೆಗೆ ಕಟ್ಟಿದೆ..."

ಅವನು ಕುರ್ಚಿಯನ್ನು ಅವಳತ್ತ ಸರಿಸಿದ.

"ತಪ್ಪು ಓದಿದ್ದು ನಾನೇ ತಾನೆ?"

"ಹೌದು. ಅದನ್ನ ಮರೆಯೋಕೆ ನನ್ನ ಕೈಲಾಗಲ್ಲ. ಅಮ್ಮನ ಕೈಲಂತೂ ಆಗೋದೇ ಇಲ್ಲ." ಕಣ್ಣು ಒರೆಸಿಕೊಂಡಳು. "ನಿನ್ನನ್ನ ಮರೆಯೋಣ ಅಂದ್ರೆ... ಹಾಳಾದ್ದು, ಅದೂ ಆಗ್ಲಿಲ್ಲ!"

ಮಧ್ಯಾಹ್ನದ ಪ್ರಸಾರದ ಕೆಂಪು ದೀಪ ಹೊತ್ತಿಕೊಂಡಿತು.

"ಓದು," ಎಂದು ಪಿಸುಗುಟ್ಟಿದಳು. "ನಿಜ ಏನಿದೆಯೋ ಅದನ್ನೇ ಓದು."

"ಈ ವಾರ ನಮ್ಮ ಊರಿನಲ್ಲಿ..." ಅವನ ದನಿ ನಡುಗಿತು. ಅವಳ ಒದ್ದೆ ಕೈ ಅವನ ಭುಜದ ಮೇಲೆ ಕೂತಿತು. "...ಬಿಸಿಲು. ವಾರವಿಡೀ ಬಿಸಿಲು."

ದೀಪ ಆರಿತು. ಅವನು ಹಣೆಯ ಬೆವರು ಒರೆಸಿಕೊಂಡ.

"ಮಳೆ ಬಂದ್ರೆ?"

"ಓಡಿ ಬಾ. ಟೆರೇಸ್ ತುಂಬ ಬಟ್ಟೆ ಇರುತ್ತೆ, ನನ್ನೊಬ್ಬಳ ಕೈಲಿ ಎತ್ತೋಕಾಗಲ್ಲ."

"ಬರ್ದೇ ಇದ್ರೆ?"

"ಆಗ್ಲೂ ಬಾ. ಅಮ್ಮ ಬಾಗಿಲು ತೆಗೆಯಲ್ಲ. ಮೆಟ್ಟಿಲ ಮೇಲೆ ಕೂತಿರು."

"ಎಷ್ಟು ಹೊತ್ತು?"

"ನಾನೂ ಬಂದು ಪಕ್ಕ ಕೂರ್ತೀನಿ ಕಣೋ."