ಮುಂಗಡ ಜಗಳ

"ನನ್ನ ಗಂಟಲಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಅಂತೆ."

ಶೂಟಿಂಗಿನ ಕೊನೆಯ ದಿನ, ಊಟದ ತಟ್ಟೆ ಹಿಡಿದುಕೊಂಡು ಹಾಸ್ಯನಟ ಹೀಗೆಂದಾಗ ಇಡೀ ಸೆಟ್ ಬಿದ್ದು ಬಿದ್ದು ನಕ್ಕಿತು. ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಕಂಟಿನ್ಯೂಟಿ ಹುಡುಗಿಯೂ ನಕ್ಕಳು.

ನಗದೇ ಇರುವುದಾದರೂ ಹೇಗೆ? ಇಪ್ಪತ್ತು ವರ್ಷ ತೆರೆಯ ಮೇಲೆ ಬಿದ್ದು, ಎದ್ದು, ಕಿರುಚಿ ಜನರ ಹೊಟ್ಟೆ ಹುಣ್ಣಾಗಿಸಿದವನು. ಅವನು ನಿಜ ಹೇಳಿದರೂ ಜನ ಮುಂದಿನ ಜೋಕಿಗೆ ಕಾಯುತ್ತಾರೆ. ಅವನೂ ಕಾಯಿಸಲಿಲ್ಲ. "ಹೇಳುವಾಗ ಡಾಕ್ಟರಿಗೇ ನಗು ಬಂತು, ಪಾಪ" ಎಂದು ಸೇರಿಸಿ ಎದ್ದು ಹೋದ. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಅವಳ ಕೆಲಸ ಕಂಟಿನ್ಯೂಟಿ. ಒಂದು ಶಾಟಿನಲ್ಲಿ ಮಡಿಸಿದ್ದ ತೋಳು ಮುಂದಿನದರಲ್ಲಿ ಬಿಚ್ಚಿರಬಾರದು, ಅರ್ಧ ಲೋಟ ನೀರು ತಾನಾಗಿ ತುಂಬಿಕೊಳ್ಳಬಾರದು. ಎಲ್ಲವನ್ನೂ ನೋಡಿ ಬರೆದಿಡುವವಳು ಅವಳು. "ಯಾರ ಎದುರು ಕೂರಿಸಿದ್ರೂ ಶರ್ಟಿನ ಗುಂಡಿ ಎಣಿಸ್ತೀಯಲ್ಲೇ! ನಿನ್ನ ಯಾರು ಕಟ್ಕೋತಾರೆ?" ಎಂದು ಅತ್ತಿಗೆ ಬೈಯುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಜೆ ಮನೆಯಲ್ಲಿ ನೋಟ್‌ಬುಕ್ ತಿರುವಿದಳು. ಹದಿನೆಂಟನೇ ದೃಶ್ಯ: ನುಂಗುವಾಗ ಕಣ್ಣು ಮುಚ್ಚಿದರು. ಮೂವತ್ತೊಂದು: ಕಾಲರ್ ಸಡಿಲ, ಹಿಂದೆ ಪಿನ್ ಹಾಕಿಸಿದೆ. ನಲವತ್ತು: ಐದು ಟೇಕ್ ನೀರು ಕುಡಿದರು, ಲೋಟದಲ್ಲಿ ನೀರು ಇಳಿಯಲಿಲ್ಲ. ಎಲ್ಲ ಅವಳದೇ ಕೈಬರಹ. ಬರೆದವಳಿಗೇ ಅರ್ಥವಾಗಿರಲಿಲ್ಲ.

ಸಿನಿಮಾದಲ್ಲಿ ಅವನು ಲಿಫ್ಟ್ ನಡೆಸುವವನು. ನಾಯಕಿ ಹತ್ತಿದಾಗಲೆಲ್ಲ ಆ ಲಿಫ್ಟು ನಾಚಿಕೊಂಡು ಎರಡು ಮಹಡಿಗಳ ನಡುವೆ ನಿಂತುಬಿಡುತ್ತದೆ. ಸದಾ ಕಿರುಚುವವನಿಗೆ ಮೊದಲ ಬಾರಿ ಮೆಲುಮಾತಿನ ಪಾತ್ರ. "ಎಂಥ ಸಂಯಮ! ಪಾತ್ರಕ್ಕೋಸ್ಕರ ದನಿನೇ ತಗ್ಗಿಸಿಬಿಟ್ಟಿದ್ದಾರೆ" ಎಂದು ನಿರ್ದೇಶಕರು ಹಿಗ್ಗಿದ್ದರು.

ನಾಯಕಿಗೆ ಪುರುಸೊತ್ತಿಲ್ಲದ್ದರಿಂದ, ಅವನ ಕ್ಲೋಸಪ್ ತೆಗೆಯುವಾಗಲೆಲ್ಲ ಕ್ಯಾಮೆರಾ ಪಕ್ಕದಲ್ಲಿ ನಿಂತು ನಾಯಕಿಯ ಮಾತು ಓದುತ್ತಿದ್ದವಳು ಅವಳೇ. ಅವನ ನೋಟ ಮೆಲ್ಲಗೆ ಮೇಲೇರಿ ಅವಳ ಕಣ್ಣಿಗೆ ಬಂದು ನಿಲ್ಲುತ್ತಿತ್ತು. ಕಟ್ ಎಂದ ಮೇಲೂ ಒಂದು ಕ್ಷಣ ಅಲ್ಲೇ ಇರುತ್ತಿತ್ತು. ಅದನ್ನು ಮಾತ್ರ ಅವಳು ಎಲ್ಲೂ ಬರೆದಿರಲಿಲ್ಲ.

ಮರುದಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ನೇರವಾಗಿ ಕೇಳಿದಳು. "ಗಡ್ಡೆ ನಿಜ ತಾನೆ?"

ಅವನ ಎಡ ಹುಬ್ಬು ಜೋಕಿಗೆಂದು ಏರಿ ಅರ್ಧದಲ್ಲೇ ಇಳಿಯಿತು. "ನಗದೇ ಕೇಳಿದವರು ನೀವೊಬ್ರೇ."

"ನಿನ್ನೆ ನಾನೂ ನಕ್ಕೆ. ತಪ್ಪಾಯ್ತು."

"ಹೇಳಿದ ರೀತಿ ಹಾಗಿತ್ತು ಬಿಡಿ."

"ಆಪರೇಷನ್?"

"ಧ್ವನಿ ಪೆಟ್ಟಿಗೆನೇ ತೆಗೀಬೇಕಂತೆ. ಎರಡು ತಿಂಗಳ ಹಿಂದೆನೇ ಹೇಳಿದ್ರು. ಡಬ್ಬಿಂಗ್ ಮುಗೀಲಿ ಅಂತಿದ್ದೀನಿ. ಇನ್ನೊಂದು ತಿಂಗಳು."

"ಡಾಕ್ಟರು ಕಾಯ್ತಾರಾ?"

"ಡಾಕ್ಟರು ಕಾಯ್ತಾರೆ. ಅದು ಕಾಯಲ್ಲ."

ಯಾರಿಗೂ ಎದುರು ಮಾತಾಡದವಳು ಅಂದು ನಿರ್ದೇಶಕರ ಮುಂದೆ ನೋಟ್‌ಬುಕ್ ಬಿಚ್ಚಿ ಒಂದೊಂದೇ ಸಾಲು ಓದಿದಳು. ಅವರು ಕುರ್ಚಿ ಹುಡುಕಿ ಕೂತರು. "ನಾವೆಲ್ಲ ನಕ್ಕೆವಲ್ಲಮ್ಮಾ" ಎಂದಷ್ಟೇ ಹೇಳಿದರು. ಉಳಿದವರ ಡಬ್ಬಿಂಗ್ ಎಲ್ಲ ಮುಂದಕ್ಕೆ ಹೋಯಿತು. ಮೂರು ದಿನ ಅವನೊಬ್ಬನದೇ. ಅವಳು ಓದಿದಳು, ಅವನು ಉತ್ತರ ಕೊಟ್ಟ. ಮೂರನೆಯ ದಿನ ಮಧ್ಯಾಹ್ನ ಕೊನೆಯ ಸಾಲು ಮುಗಿಯಿತು.

ಸ್ಟುಡಿಯೋದ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

"ನಾಳೆ ಅಡ್ಮಿಟ್ಟು. ಇನ್ನು ಅರ್ಧ ದಿನದ ದನಿ ಇದೆ" ಎಂದ. "ಏನು ಮಾಡೋಣ?"

"ಮಾತಾಡ್ಬೇಡಿ. ನೋಯತ್ತೆ."

"ನೋಯ್ಲಿ. ಜಗಳ ಆಡೋಣ."

"ಏನಂದ್ರಿ?"

"ಮುಂದೆ ಆಡಬೇಕಾದ್ದು. ನಾನು ಮೂಕ ಆದ್ಮೇಲೆ ಪ್ರತಿ ಸಲ ನೀವೇ ಗೆಲ್ತೀರಿ. ಅನ್ಯಾಯ ಅಲ್ವಾ? ಮೂವತ್ತು ವರ್ಷದ್ದು ಇವತ್ತೇ ಮುಗಿಸಿಬಿಡೋಣ."

ಮೂವತ್ತು ವರ್ಷ. ಮೂರು ವರ್ಷ ಸಿಕ್ಕೀತೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅವನು ಕೇಳುತ್ತಿರುವುದೇನೆಂದು ಅವಳಿಗೆ ತಿಳಿಯಿತು. ಒಂದೊಂದು ಮಾತನ್ನೂ ಅಳೆದು ತೂಗಿ ಆಡುವವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀತೀರಿ" ಎಂದಳು.

"ಎಸೆಯೋದಲ್ಲ, ಒಣಗಿಸೋದು!"

"ಹಾಸಿಗೆ ಮೇಲಾ?"

"ನಿಮ್ಮ ಅತ್ತಿಗೆ ಫೋನ್ ಮಾಡಿದ್ರೆ ಒಂದೂವರೆ ಗಂಟೆ. ಅಲ್ಲೀವರೆಗೆ ನಾನು ಉಪವಾಸ."

"ನಿಮಗೇನು ಕೈಯಿಲ್ವಾ, ಬಡಿಸ್ಕೊಳ್ಳೋಕೆ?"

"ಶಭಾಷ್! ಇನ್ನೂ ಜೋರಾಗಿ."

ಅವಳು ನಗುತ್ತಲೇ ಬಾಯಿ ತೆರೆದಳು. ಬಂದ ದನಿ ಅವಳದಾಗಿರಲಿಲ್ಲ. "ಎರಡು ತಿಂಗಳಿಂದ ಗೊತ್ತಿತ್ತಲ್ಲ ನಿಮಗೆ! ಆವಾಗ್ಲೇ ಯಾಕೆ ಹೋಗ್ಲಿಲ್ಲ? ಒಂದು ಸಿನಿಮಾಕ್ಕೋಸ್ಕರ ಯಾರಾದ್ರೂ ಪ್ರಾಣ ಬಿಡ್ತಾರಾ?"

ಮೇಲಿನ ಕಿಟಕಿಯಿಂದ ಯಾರೋ ಇಣುಕಿ, ತಲೆ ಒಳಗೆಳೆದುಕೊಂಡರು.

ಅವನು ಅವಳತ್ತ ತಿರುಗಿ ಕೂತ. "ಸಿನಿಮಾಕ್ಕಲ್ಲ" ಎಂದ. ದನಿ ಕಾಗದ ಹರಿದಂತಿತ್ತು. "ದಿನಾ ಕ್ಯಾಮೆರಾ ಪಕ್ಕ ನೀವು ನಿಂತಿರ್ತಿದ್ರಿ. ನೀವೊಂದು ಮಾತು, ನಾನೊಂದು ಮಾತು. ಆಪರೇಷನ್ ಆದ್ರೆ ಅದೂ ಇಲ್ಲ ಅಂತ."

ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. "ದಡ್ಡ" ಎಂದಳು. ಬಹುವಚನ ಯಾವಾಗ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ. "ನಾಳೆ ಎಷ್ಟು ಹೊತ್ತಿಗೆ ಹೋಗ್ಬೇಕು?"

"ಆರಕ್ಕೆ. ಮನೆಯವರು ಯಾರಾದ್ರೂ ಜೊತೆಗಿರ್ಬೇಕಂತೆ."

"ಇರ್ತೀನಿ. ಈಗ ಹೇಳು, ಇನ್ನೂ ಇಪ್ಪತ್ತೊಂಬತ್ತು ವರ್ಷದ ಜಗಳ ಬಾಕಿ ಇದೆ."

ಅವನು ಗಂಟಲು ಸರಿಮಾಡಿಕೊಂಡ.